ಒಂದು ಸಹಿಗೆ ಎರಡು ತಾಸು ಏಕೆ?

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ನಮ್ಮ ಜಿಲ್ಲೆಯವರೊಬ್ಬರು ತಮ್ಮ ವಿಮಾನ ಪ್ರಯಾಣದ ಕಹಿ ಅನುಭವವನ್ನು ಬರೆದಿದ್ದರು. ರಿಪೇರಿ ಮುಗಿದು ಮೆಕ್ಯಾನಿಕ್‌ಗಳು ಏಣಿ ಇಳಿದ ಮೇಲೂ, ಯಾರೋ ಒಬ್ಬ ಎಂಜಿನಿಯರ್ ಕಾಗದಕ್ಕೆ ಸಹಿ ಹಾಕಲಿಲ್ಲವೆಂಬ ಒಂದೇ ಕಾರಣಕ್ಕೆ ಎರಡು ತಾಸು ಕುಳಿತಲ್ಲೇ ಕುಳಿತಿರಬೇಕಾಯಿತೆಂದೂ, ತಾಲ್ಲೂಕು ಕಚೇರಿಯ ರೋಗ ವಿಮಾನಕ್ಕೂ ಅಂಟಿದೆಯೆಂದೂ ಅವರ ದೂರು. ತಾಲ್ಲೂಕು ಕಚೇರಿಯ ಮಾತು ಓದಿ ನಾನೂ ನಕ್ಕೆ. ಪಹಣಿ ತಿದ್ದುಪಡಿಗೆಂದು ಅಲೆದವರಾರಿಗೂ ಆ ಸಿಟ್ಟು ತಿಳಿಯದೇನಲ್ಲ. ಆದರೆ ಮೂವತ್ತು ವರ್ಷಕ್ಕೂ ಮಿಕ್ಕಿ ಅಂಥವೇ ಕಾಗದಗಳಿಗೆ ಸಹಿ ಹಾಕಿ, ನಿವೃತ್ತನಾಗಿ ಬಳ್ಳಾರಿಗೆ ಮರಳಿರುವ ನನಗೆ, ಆ ಎರಡು ತಾಸಿನಲ್ಲಿ ಏನು ನಡೆದಿರಬಹುದೆಂದು ಹೇಳದೆ ಸುಮ್ಮನಿರಲಾಗಲಿಲ್ಲ.

ಆ ಕಾಗದವನ್ನು ನಮ್ಮ ಕಸುಬಿನಲ್ಲಿ 'ಸಿಆರ್‌ಎಸ್' ಎನ್ನುತ್ತಾರೆ. ನಿರ್ವಹಣಾ ಕೆಲಸ ನಡೆದ ವಿಮಾನವನ್ನು ಮತ್ತೆ ಹಾರಾಟಕ್ಕೆ ಬಿಟ್ಟುಕೊಡುವ ಪ್ರಮಾಣಪತ್ರ ಅದು. ಅದಿಲ್ಲದೆ ವಿಮಾನ ಹಾರುವಂತಿಲ್ಲ. ಅದರಲ್ಲಿರುವ ಒಕ್ಕಣೆ ತುಂಬ ಚಿಕ್ಕದು: ಇಲ್ಲಿ ನಮೂದಿಸಿದ ಕೆಲಸವನ್ನು, ಬೇರೆ ರೀತಿ ಸೂಚಿಸಿರುವುದನ್ನು ಬಿಟ್ಟು, ನಿಯಮಾನುಸಾರ ಮಾಡಲಾಗಿದೆ, ಆ ಕೆಲಸದ ಮಟ್ಟಿಗೆ ವಿಮಾನವು ಸೇವೆಗೆ ಮರಳಲು ಸಿದ್ಧವಿದೆಯೆಂದು ಪರಿಗಣಿಸಲಾಗಿದೆ. 'ಆ ಕೆಲಸದ ಮಟ್ಟಿಗೆ' ಎಂಬ ಮಾತನ್ನು ಓದುಗರು ಗಮನಿಸಬೇಕೆಂದು ಕೋರುತ್ತೇನೆ. ಸಹಿ ಹಾಕುವವನು ಇಡೀ ವಿಮಾನ ಚೆನ್ನಾಗಿದೆಯೆಂದು ಆಣೆ ಮಾಡುತ್ತಿಲ್ಲ. ಇಂಥ ಪಂಪನ್ನು ಬಿಚ್ಚಿದೆವು, ಇಂಥ ಕ್ರಮಸಂಖ್ಯೆಯದನ್ನು ಹಾಕಿದೆವು, ಕೈಪಿಡಿಯ ಇಂಥ ಅಧ್ಯಾಯದ ಪ್ರಕಾರ ಹಾಕಿದೆವು, ಪರೀಕ್ಷೆ ಮಾಡಿದೆವು, ಹಾರಾಟಕ್ಕೆ ಕುತ್ತು ತರುವಂಥದ್ದು ಯಾವುದೂ ನನ್ನ ಗಮನದಲ್ಲಿಲ್ಲ ಎಂದಷ್ಟೇ ಅವನು ಹೇಳುತ್ತಾನೆ. ಅಷ್ಟೇ ಹೇಳುವುದರಿಂದಲೇ ಆ ಮಾತಿನ ಪೂರ್ತಿ ಹೊಣೆ ಅವನದಾಗುತ್ತದೆ. ಕೆಳಗೆ ಅವನ ಅಧಿಕಾರಪತ್ರದ ಸಂಖ್ಯೆ, ದಿನಾಂಕ ಇರುತ್ತವೆ. ನಾಳೆ ಏನಾದರೂ ಆದರೆ ತನಿಖೆಯವರು ಮೊದಲು ಮುಟ್ಟುಗೋಲು ಹಾಕಿಕೊಳ್ಳುವ ಕಾಗದಗಳಲ್ಲಿ ಅದೂ ಒಂದು.

ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಲು ವಿಮಾನದ ತನಕ ಹೋಗಬೇಕಾಗಿಲ್ಲ. ಕಂಬ ಹತ್ತುವ ಮುನ್ನ ಲೈನ್‌ಮನ್ ಸಬ್‌ಸ್ಟೇಷನ್ನಿನಿಂದ ಎಲ್‌ಸಿ, ಅಂದರೆ ಆ ಲೈನಿನ ಕರೆಂಟ್ ತೆಗೆದಿದೆಯೆಂಬ 'ಲೈನ್ ಕ್ಲಿಯರ್' ಅನುಮತಿ, ತೆಗೆದುಕೊಳ್ಳುವುದನ್ನು ಪಂಪ್‌ಸೆಟ್ ಇರುವ ರೈತರೆಲ್ಲ ಬಲ್ಲರು. ಕೆಲಸ ಮುಗಿದು, ತನ್ನ ಜೊತೆಯವರೆಲ್ಲ ಕೆಳಗಿಳಿದರೆಂದು ಎಣಿಸಿ, ಅರ್ಥಿಂಗ್ ತೆಗೆದು, ಎಲ್‌ಸಿ ತೆಗೆದುಕೊಂಡವನೇ ಅದನ್ನು ವಾಪಸು ಕೊಡಬೇಕು. ಅವನು ಕೊಡುವ ತನಕ ಹೊಲದಲ್ಲಿ ಭತ್ತ ಒಣಗಿದರೂ, ಮೇಲಿನವರಿಂದ ಫೋನ್ ಬಂದರೂ, ಸಬ್‌ಸ್ಟೇಷನ್ನಿನಲ್ಲಿರುವವನು ಕರೆಂಟ್ ಬಿಡಬಾರದು. ಅದನ್ನು ಕಾಗದದ ಕಾಟವೆಂದು ನಮ್ಮಲ್ಲಿ ಯಾರೂ ಕರೆಯುವುದಿಲ್ಲ. ವಿಮಾನದ ಸಹಿಯೂ ಇದೇ ಜಾತಿಯದು.

ಇನ್ನು ಆ ಎರಡು ತಾಸಿನ ಲೆಕ್ಕ. ಬೋಲ್ಟು ಬಿಗಿಯಾದ ಕೂಡಲೇ ಕೆಲಸ ಮುಗಿಯಿತೆಂದು ಕಿಟಕಿಯಿಂದ ನೋಡುವವರಿಗೆ ಅನ್ನಿಸುತ್ತದೆ. ಹೊಸದಾಗಿ ಹಾಕಿದ ಭಾಗದ ಜೊತೆ ಬಂದ ಪ್ರಮಾಣಪತ್ರದಲ್ಲಿರುವ ಸಂಖ್ಯೆಯೂ ಆ ಭಾಗದ ಮೈಮೇಲೆ ಕೊರೆದ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ನೋಡಬೇಕು. ಬಳಸಿದ ಕೈಪಿಡಿ ಹಳೆಯ ಆವೃತ್ತಿಯದಲ್ಲ ಎಂದು ಖಚಿತವಾಗಬೇಕು. ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ರೆಂಚಿನ ಮೇಲಿನ ಚೀಟಿಯಲ್ಲಿ ಅದರ ತಪಾಸಣೆಯ ಅವಧಿ ಮೀರಿಲ್ಲವೆಂದು ಕಾಣಬೇಕು. ನಿನ್ನೆಗೇ ಅವಧಿ ಮೀರಿದ್ದರೆ ಇನ್ನೊಂದನ್ನು ತಂದು ಮತ್ತೆ ಬಿಗಿಯಬೇಕು. ಎಂಜಿನ್ ಓಡಿಸಿ ಸೋರಿಕೆ ನೋಡಬೇಕಾದ ಕೆಲಸವಾದರೆ ಓಡಿಸಿ, ನಿಲ್ಲಿಸಿ, ಮುಚ್ಚಳ ತೆಗೆದು, ಟಾರ್ಚ್ ಹಿಡಿದು, ಕೈ ಹೋಗದ ಕಡೆ ಕನ್ನಡಿ ತೂರಿಸಿ ನೋಡಬೇಕು. ಕೊನೆಗೆ ಹತಾರಗಳನ್ನು ಎಣಿಸಬೇಕು.

ಈ ಎಣಿಕೆಯ ವಿಷಯದಲ್ಲಿ ನನ್ನದೇ ಒಂದು ಅನುಭವವಿದೆ. ರಾತ್ರಿ ನಿಲುಗಡೆಯ ವಿಮಾನವೊಂದರ ಎಂಜಿನ್ನಿನಲ್ಲಿ ಫಿಲ್ಟರ್ ಬದಲಿಸಿ, ಸೋರಿಕೆ ಪರೀಕ್ಷೆಯನ್ನೂ ಮುಗಿಸಿದ್ದೆವು. ಬೆಳಗಿನ ಆರಕ್ಕೆ ಹೊರಡಬೇಕಾದ ವಿಮಾನ, ಐದು ಗಂಟೆಯಾಗಿತ್ತು. ನಮ್ಮ ಹತಾರದ ಪೆಟ್ಟಿಗೆಯಲ್ಲಿ ಒಂದೊಂದಕ್ಕೂ ಅದರದೇ ಆಕಾರದ ಗೂಡು ಕೊರೆದಿರುತ್ತದೆ. ಏನಾದರೂ ಇಲ್ಲದಿದ್ದರೆ ಗೂಡು ಬಾಯಿ ತೆರೆದು ತೋರಿಸುತ್ತದೆ. ಕೊಪ್ಪಳದ ಕಡೆಯ ಹುಡುಗನೊಬ್ಬ ನನ್ನ ಜೊತೆಗಿದ್ದ. ಪೆಟ್ಟಿಗೆ ಮುಚ್ಚಲು ಹೋದವನು ನಿಂತುಬಿಟ್ಟು, 'ಸರ, ಅರ್ಧ ಇಂಚಿನ ಸಾಕೆಟ್ ಕಾಣವಲ್ದ್ರಿ' ಎಂದ. ಬೋಲ್ಟು ತಿರುಗಿಸಲು ಬಳಸುವ, ಹೆಬ್ಬೆರಳಿನಷ್ಟು ಉದ್ದದ ಕಬ್ಬಿಣದ ತುಂಡು. ಮುಚ್ಚಿದ್ದ ಎಂಜಿನ್ ಹೊದಿಕೆಯನ್ನು ಮತ್ತೆ ತೆರೆಸಿದೆ. ನಿಲ್ದಾಣದ ವ್ಯವಸ್ಥಾಪಕರು ಮೊದಲು ವಿನಯದಿಂದ ಕೇಳಿದರು, ಆಮೇಲೆ ಜೋರು ಮಾಡಿದರು, ಕೊನೆಗೆ ನನ್ನ ಮೇಲಧಿಕಾರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಒಂದು ತಾಸು ನಲವತ್ತು ನಿಮಿಷದ ನಂತರ ಸಾಕೆಟ್ ಸಿಕ್ಕಿತು. ಎಣ್ಣೆ ಒರೆಸಿದ ಬಟ್ಟೆಯೊಳಗೆ ಸುತ್ತಿಕೊಂಡು, ಕಸದ ಚೀಲದ ತಳದಲ್ಲಿತ್ತು. ಅಂದರೆ ವಿಮಾನಕ್ಕೆ ಏನೂ ಆಗಿರಲಿಲ್ಲ; ಆರಕ್ಕೇ ಬಿಟ್ಟಿದ್ದರೂ ಅದು ಸುಖವಾಗಿ ಹೋಗಿ ಮುಟ್ಟುತ್ತಿತ್ತು. ಆ ದಿನ ಬೈದ ಪ್ರಯಾಣಿಕರ ಲೆಕ್ಕದಲ್ಲಿ ನಾನು ಸುಮ್ಮನೆ ತಡ ಮಾಡಿದವನು. ಆದರೆ ಐದು ಗಂಟೆಗೆ ಅದು ಚೀಲದಲ್ಲಿದೆಯೋ ಎಂಜಿನ್ನಿನ ಒಡಲಲ್ಲಿದೆಯೋ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಬರೆದುಕೊಡಲು ಬರುವುದಿಲ್ಲ.

ನಾನು ಸದಾ ಹೀಗೇ ಇದ್ದೆನೆಂದು ಹೇಳಿಕೊಳ್ಳಲಾರೆ. ಸಹಿಯ ಅಧಿಕಾರ ಸಿಕ್ಕ ಹೊಸತರಲ್ಲಿ, ಎಂಜಿನ್ ಎಣ್ಣೆಯ ಮುಚ್ಚಳ ಹಾಕಿದ್ದೇನೆಂದು ಸಹೋದ್ಯೋಗಿ ಹೇಳಿದ ಮಾತನ್ನೇ ನಂಬಿ, ಮಳೆ ಜೋರಾಗಿದ್ದುದರಿಂದ ಹೋಗಿ ನೋಡದೆ ಸಹಿ ಹಾಕಿದ್ದೆ. ವಿಮಾನ ಮೇಲೇರಿದ ಮೇಲೆ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಅದು ಇಳಿಯುವ ಊರಿನ ಎಂಜಿನಿಯರಿಗೆ ಫೋನ್ ಮಾಡಿ, ಮೊದಲು ಅದನ್ನು ನೋಡೆಂದು ಬೇಡಿಕೊಂಡೆ. ಮುಚ್ಚಳ ಬಿಗಿಯಾಗಿಯೇ ಇತ್ತು. ಆದರೂ ಅವರು ತಿರುಗಿ ಫೋನ್ ಮಾಡುವ ತನಕದ ಆ ಐವತ್ತು ನಿಮಿಷವನ್ನು ಇಂದಿಗೂ ಮರೆತಿಲ್ಲ.

ಕಣ್ಣಳತೆಗೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ತರಬೇತಿಯಲ್ಲಿ ತಪ್ಪದೆ ಹೇಳುವ ಪ್ರಕರಣ ಇಂಗ್ಲೆಂಡಿನದು. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಾಲಾಗಾಕ್ಕೆ ಹೊರಟ ಬ್ರಿಟಿಷ್ ಏರ್‌ವೇಸ್‌ನ ಬಿಎಸಿ ಒನ್-ಇಲೆವೆನ್ ವಿಮಾನ ಸುಮಾರು 17,300 ಅಡಿ ಎತ್ತರದಲ್ಲಿದ್ದಾಗ ಕಾಕ್‌ಪಿಟ್ಟಿನ ಎಡಗಡೆಯ ಮುಂಗಾಜು ಕಿತ್ತು ಹಾರಿಹೋಯಿತು. ಕ್ಯಾಪ್ಟನ್ ಸೊಂಟದವರೆಗೆ ಹೊರಕ್ಕೆ ಸೆಳೆದುಹೋದರು; ಸಿಬ್ಬಂದಿ ಅವರ ಕಾಲು ಹಿಡಿದುಕೊಂಡಿದ್ದರು; ಸಹ ಪೈಲಟ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಪವಾಡವೆಂಬಂತೆ ಕ್ಯಾಪ್ಟನ್ ಸೇರಿ ಎಲ್ಲ 87 ಮಂದಿ ಬದುಕಿದರು. ಆ ಗಾಜನ್ನು 27 ತಾಸು ಮೊದಲು ಹೊಸದಾಗಿ ಕೂರಿಸಲಾಗಿತ್ತು. ಅದಕ್ಕೆ 90 ಬೋಲ್ಟು. ಅವುಗಳಲ್ಲಿ 84 ಬೋಲ್ಟುಗಳ ದಪ್ಪ ಇರಬೇಕಾದ್ದಕ್ಕಿಂತ ಒಂದು ಇಂಚಿನ ಸಾವಿರದಲ್ಲಿ 26 ಪಾಲು ಕಡಿಮೆ, ಅಂದರೆ ಒಂದು ಮಿಲಿಮೀಟರೂ ಇಲ್ಲ. ಆ ರಾತ್ರಿ ಆಳು ಕಡಿಮೆಯಿದ್ದುದರಿಂದ ಪಾಳಿಯ ಮುಖ್ಯಸ್ಥರೇ ಕೆಲಸಕ್ಕೆ ಕೈ ಹಾಕಿದ್ದರು. ಯಾವ ಬೋಲ್ಟು ಬೇಕೆಂದು ಕೈಪಿಡಿ ತೆರೆದು ನೋಡುವ ಬದಲು ಹಳೆಯ ಬೋಲ್ಟನ್ನು ಪಕ್ಕದಲ್ಲಿಟ್ಟು, ಮಂದ ಬೆಳಕಿನಲ್ಲಿ ಹೊಸವನ್ನು ಕಣ್ಣಿಂದಲೇ ಹೊಂದಿಸಿ ಆರಿಸಿದ್ದರು. ಉಗ್ರಾಣದಲ್ಲಿದ್ದವರು ಅಲ್ಲಿಗೆ ಬೇರೆ ಅಳತೆಯ ಬೋಲ್ಟು ಬೇಕೆಂದು ಹೇಳಿಯೂ ಇದ್ದರು.

ಆ ಪಾಳಿಯ ಮುಖ್ಯಸ್ಥ ಮೈಗಳ್ಳನಾಗಿರಲಿಲ್ಲ, ಲಂಚಕೋರನೂ ಅಲ್ಲ. ವಿಮಾನ ಬೆಳಿಗ್ಗೆಗೆ ಸಿದ್ಧವಾಗಲೆಂದು ಮೈಮುರಿದು ದುಡಿದವನು. ಕೆಲಸವನ್ನೂ ಅವರೇ ಮಾಡಿದ್ದರು, ಸಹಿಯನ್ನೂ ಅವರೇ ಹಾಕಿದ್ದರು. ಎರಡನೆಯವರು ನೋಡಲೇಬೇಕೆಂದು ನಿಯಮವಿದ್ದ ಭಾಗಗಳ ಪಟ್ಟಿಯಲ್ಲಿ ಮುಂಗಾಜು ಆಗ ಇರಲಿಲ್ಲ. ಯಾರನ್ನು ಶಿಕ್ಷಿಸಬೇಕೆಂದು ನನ್ನನ್ನು ಕೇಳಿದರೆ ನನ್ನಲ್ಲಿ ಸುಲಭದ ಉತ್ತರವಿಲ್ಲ.

ಹಾರಾಟದ ನಿಯಂತ್ರಣಕ್ಕೆ ಸಂಬಂಧಿಸಿದ ಕೇಬಲ್, ಕಡ್ಡಿ, ತಿರುಗಣೆಗಳ ವಿಷಯದಲ್ಲಿ ಎರಡನೆಯ ಕಣ್ಣು ಕಡ್ಡಾಯ. ಒಬ್ಬ ಮಾಡಿ ಸಹಿ ಹಾಕಿದ್ದನ್ನು, ಆ ಕೆಲಸಕ್ಕೆ ಕೈ ಹಚ್ಚದ ಇನ್ನೊಬ್ಬ ಮೊದಲಿಂದ ನೋಡಿ ಸಹಿ ಹಾಕಬೇಕು. ದೂರು ಬರೆದ ಆ ಓದುಗರು ಕಾದ ಎರಡು ತಾಸಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಗಿರಲಿಕ್ಕೆ ಸಾಕು. ಆ ಇನ್ನೊಬ್ಬನು ನಿಲ್ದಾಣದ ಆ ತುದಿಯಲ್ಲಿ ಬೇರೊಂದು ವಿಮಾನದ ಹೊಟ್ಟೆಯೊಳಗಿದ್ದರೆ ಅವನು ಬರುವ ತನಕ ಕಾಯದೆ ಗತಿಯಿಲ್ಲ. ಆ ಎರಡನೆಯವನು ನಿಜವಾಗಿಯೂ ಹೊರಗಿನವನಾಗಿರಬೇಕು. 2003ರ ಜನವರಿ 8ರಂದು ಅಮೆರಿಕದ ಶಾರ್ಲೆಟ್‌ನಲ್ಲಿ ಏರ್ ಮಿಡ್‌ವೆಸ್ಟ್ ಸಂಸ್ಥೆಯ ಬೀಚ್ 1900 ವಿಮಾನ ಮೇಲೇರುತ್ತಲೇ ಬಿದ್ದು 21 ಮಂದಿ ಸತ್ತರು. ತೂಕದ ಲೆಕ್ಕವೂ ತಪ್ಪಿತ್ತೆಂಬುದು ನಿಜ. ಆದರೆ ವಿಮಾನದ ಮೂಗನ್ನು ಏರಿಸಿ ಇಳಿಸುವ, ಬಾಲದಲ್ಲಿರುವ ಎಲಿವೇಟರ್ ಎಂಬ ಫಲಕ ಪೂರ್ತಿ ಕೆಳಗೆ ಹೋಗದಂತೆ ಅದರ ಕೇಬಲ್ಲನ್ನು ತಪ್ಪಾಗಿ ಬಿಗಿಯಲಾಗಿತ್ತು. ಆ ವಿಮಾನದ ಮೇಲೆ ಆ ಕೆಲಸವನ್ನು ಮೊದಲ ಸಲ ಮಾಡುತ್ತಿದ್ದ ಮೆಕ್ಯಾನಿಕ್‌ಗೆ ಕಲಿಸುತ್ತಿದ್ದವರೂ, ಕೊನೆಯಲ್ಲಿ ಪರಿಶೀಲಿಸಿದವರೂ ಒಬ್ಬರೇ. ಕೈಪಿಡಿಯ ಕೆಲವು ಹಂತಗಳು ಬೇಡವೆಂದು ಬಿಟ್ಟದ್ದಕ್ಕೆ ಅವರದೇ ಒಪ್ಪಿಗೆಯಿತ್ತು. ತಾನೇ ಕಲಿಸಿದ ಪಾಠದಲ್ಲಿ ತಪ್ಪು ಹುಡುಕುವುದು ಯಾರಿಗೂ ಕಷ್ಟ.

ಪಾಳಿ ಬದಲಾಗುವ ಹೊತ್ತಿನ ಅಪಾಯವನ್ನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರಿಗಾಗಲಿ, ಕುಡತಿನಿ, ಶಕ್ತಿನಗರಗಳ ವಿದ್ಯುತ್ ಸ್ಥಾವರದವರಿಗಾಗಲಿ ನಾನು ಹೇಳಿಕೊಡಬೇಕಾಗಿಲ್ಲ. 1991ರ ಸೆಪ್ಟೆಂಬರ್ 11ರಂದು ಟೆಕ್ಸಾಸ್‌ನಲ್ಲಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್‌ನ ಎಂಬ್ರೇಯರ್ ವಿಮಾನ ಗಾಳಿಯಲ್ಲೇ ಒಡೆದು 14 ಜನ ಸತ್ತದ್ದು ಇದರಿಂದಲೇ. ಬಾಲದ ರೆಕ್ಕೆಯ ಎಡಭಾಗದ ಮೇಲಿನ ಸಾಲಿನಿಂದ 47 ಸ್ಕ್ರೂಗಳನ್ನು ಸಂಜೆ ಪಾಳಿಯವರು ಬಿಚ್ಚಿದ್ದರು. ಬಿಚ್ಚಿದ ಸಂಗತಿ ಮುಂದಿನ ಪಾಳಿಯವರಿಗೆ ಸರಿಯಾಗಿ ಮುಟ್ಟಲಿಲ್ಲ. ರಾತ್ರಿ ಪಾಳಿಯವರು ತಮಗೆ ಗೊತ್ತಿದ್ದ ಕೆಲಸವನ್ನಷ್ಟೇ ಮುಗಿಸಿ ವಿಮಾನವನ್ನು ಬಿಟ್ಟುಕೊಟ್ಟರು. ಸ್ಕ್ರೂಗಳು ಚೀಲದಲ್ಲೇ ಉಳಿದವು.

ಮರುದಿನ ಅದೇ ವಿಮಾನ 'ಒಂದು ಯಂತ್ರ ಕೆಟ್ಟಿದ್ದರೂ' ಹಾರಿತೆಂದು ಆ ಓದುಗರು ಪತ್ರದ ಕೊನೆಯಲ್ಲಿ ಕುಟುಕಿದ್ದಾರೆ. ಅದಕ್ಕೂ ಲಿಖಿತ ನಿಯಮವಿದೆ. ಯಾವ ಸಲಕರಣೆ ಕೆಟ್ಟಾಗ ಯಾವ ಷರತ್ತಿನ ಮೇಲೆ ಎಷ್ಟು ದಿನ ಹಾರಬಹುದೆಂಬ ಪಟ್ಟಿಯೊಂದು ಪ್ರತಿ ಸಂಸ್ಥೆಯಲ್ಲೂ ಇರುತ್ತದೆ. ನಾವು ಅದನ್ನು ಎಂಇಎಲ್ ಎನ್ನುತ್ತೇವೆ. ಸಾಮಾನ್ಯವಾಗಿ, ದೋಷ ಕಂಡ ದಿನವನ್ನು ಬಿಟ್ಟು, ಕೆಲವಕ್ಕೆ 3 ದಿನ, ಕೆಲವಕ್ಕೆ 10 ದಿನ, ಹಾರಾಟಕ್ಕೆ ಅಷ್ಟೇನೂ ಸಂಬಂಧವಿಲ್ಲದವಕ್ಕೆ 120 ದಿನ. ಹಾರಾಟದ ಸುರಕ್ಷತೆಗೆ ಸಂಬಂಧಿಸಿದ್ದು, ಪಟ್ಟಿಯಲ್ಲಿ ಇಲ್ಲದ್ದು ಕೆಟ್ಟರೆ ಸರಿಪಡಿಸದೆ ಹಾರುವಂತಿಲ್ಲ. ಹಾಗೆ ಮುಂದಕ್ಕೆ ಹಾಕಿದ್ದನ್ನೂ ಟೆಕ್ನಿಕಲ್ ಲಾಗ್ ಎಂಬ ವಿಮಾನದ ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಹಾಕಿರುತ್ತಾರೆ. ಪೈಲಟ್ ಅದನ್ನು ಓದಿ ಒಪ್ಪಿಯೇ ವಿಮಾನವನ್ನು ತೆಗೆದುಕೊಳ್ಳುತ್ತಾನೆ, ಒಪ್ಪದಿರುವ ಹಕ್ಕೂ ಅವನಿಗಿದೆ.

ಈ ಸಹಿ ಯಾರು ಹಾಕಬಹುದೆಂಬುದರ ಬಗ್ಗೆಯೂ ಎರಡು ಮಾತು ಬರೆಯಬೇಕಾಗಿದೆ. ಏಕೆಂದರೆ ಪಿಯುಸಿ ಫಲಿತಾಂಶ ಬಂದೊಡನೆ ಸಿರುಗುಪ್ಪ, ಸಿಂಧನೂರು, ಗಂಗಾವತಿಯ ಕಡೆಯಿಂದ ತಂದೆತಾಯಿಗಳು ನನಗೆ ಫೋನ್ ಮಾಡುತ್ತಾರೆ. ಇಂಥ ಊರಿನ ಕಾಲೇಜಿನಲ್ಲಿ ವಿಮಾನ ನಿರ್ವಹಣೆಯ ಕೋರ್ಸಿಗೆ ಸೇರಿಸಿದರೆ ಮಗ ವಿಮಾನದ ಎಂಜಿನಿಯರ್ ಆಗಿಯೇ ಹೊರಬರುತ್ತಾನಂತೆ, ಹೌದೇ ಎಂಬ ಪ್ರಶ್ನೆ. ಭತ್ತ ಮಾರಿದ ಹಣವನ್ನು ಅಷ್ಟರಲ್ಲಾಗಲೇ ಮುಂಗಡ ಕಟ್ಟಿದವರೂ ಉಂಟು. ಕಾಲೇಜಿನ ಪ್ರಮಾಣಪತ್ರದಿಂದ ವಿಮಾನವನ್ನು ಬಿಟ್ಟುಕೊಡುವ ಅಧಿಕಾರ ಬರುವುದಿಲ್ಲ. ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಒಂದೊಂದು ವಿಷಯದ ಪರೀಕ್ಷೆಯಲ್ಲೂ ನೂರಕ್ಕೆ 75 ಅಂಕ ಬರಬೇಕು. ಅನುಮೋದಿತ ಸಂಸ್ಥೆಯಲ್ಲಿ ಕಲಿತವರಿಗೂ ಹಾರಾಟದಲ್ಲಿರುವ ವಿಮಾನಗಳ ಮೇಲೆ 2 ವರ್ಷದ ಕೆಲಸದ ಅನುಭವ ಬೇಕು. ಯಾಂತ್ರಿಕ ಭಾಗಕ್ಕೆ ಬಿ1, ವಿದ್ಯುನ್ಮಾನ ಭಾಗಕ್ಕೆ ಬಿ2 ಎಂದು ಬೇರೆ ಬೇರೆ ವರ್ಗಗಳಿವೆ. ಅದಾದ ಮೇಲೆ ಒಂದೊಂದು ಮಾದರಿಯ ವಿಮಾನಕ್ಕೂ ಪ್ರತ್ಯೇಕ ತರಬೇತಿ, ಅದಕ್ಕೂ ಮೇಲೆ ಕೆಲಸ ಮಾಡುವ ಸಂಸ್ಥೆಯ ಅಧಿಕಾರಪತ್ರ. ಹಿಂದಿನ 2 ವರ್ಷಗಳಲ್ಲಿ 6 ತಿಂಗಳಾದರೂ ಆ ಕೆಲಸ ಮಾಡಿರಬೇಕೆಂಬ ನಿಯಮವೂ ಇದೆ. ಹೀಗಾಗಿ ನಾನು ಇಪ್ಪತ್ತು ವರ್ಷ ಬಿಚ್ಚಿ ಜೋಡಿಸಿದ ಅದೇ ಮಾದರಿಯ ವಿಮಾನದ ಮುಂದೆ ಇವತ್ತು ನನ್ನನ್ನು ನಿಲ್ಲಿಸಿದರೂ ಸಹಿ ಹಾಕಲು ನನಗೆ ಅಧಿಕಾರವಿಲ್ಲ. ಅದು ಸರಿಯೆಂದೇ ನನ್ನ ಭಾವನೆ. ಮಕ್ಕಳನ್ನು ಕಳಿಸಬೇಡಿರೆಂದು ನಾನು ಹೇಳುವುದಿಲ್ಲ. ಸಂಸ್ಥೆಗೆ ಡಿಜಿಸಿಎ ಅನುಮೋದನೆ ಇದೆಯೇ, ಅನುಭವಕ್ಕೆ ವಿಮಾನ ಎಲ್ಲಿ ಸಿಗುತ್ತದೆ ಎಂದು ಹಣ ಕಟ್ಟುವ ಮೊದಲು ಕೇಳಿರೆಂದು ಹೇಳುತ್ತೇನೆ.

ಹಾಗಾದರೆ ಆ ಓದುಗರ ಸಿಟ್ಟು ಪೂರ್ತಿ ತಪ್ಪೇ? ಖಂಡಿತ ಅಲ್ಲ. ಅವರಿಗೆ ಯಾರೂ ಏನೂ ಹೇಳಲಿಲ್ಲ. 'ತಾಂತ್ರಿಕ ಕಾರಣ' ಎಂಬ ಎರಡೇ ಪದವನ್ನು ಮೂರು ಭಾಷೆಯಲ್ಲಿ ಹೇಳಿ ಕೈ ತೊಳೆದುಕೊಳ್ಳುವುದು ವಿಮಾನ ಸಂಸ್ಥೆಗಳಿಗೆ ರೂಢಿಯಾಗಿಬಿಟ್ಟಿದೆ. ದೋಷ ಸರಿಯಾಗಿದೆ, ಎರಡನೆಯ ಎಂಜಿನಿಯರ್ ಪರಿಶೀಲಿಸುತ್ತಿದ್ದಾರೆ, ಅದು ಮುಗಿಯಲು ಇಷ್ಟು ಹೊತ್ತು ಹಿಡಿಯಬಹುದು ಎಂದು ತಿಳಿಸಿದ್ದರೆ ಸಣ್ಣ ಮಕ್ಕಳ ತಾಯಂದಿರೂ ಸಕ್ಕರೆ ಕಾಯಿಲೆಯ ಹಿರಿಯರೂ ಊಟ ಔಷಧಗಳನ್ನು ಹೇಗೋ ಹೊಂದಿಸಿಕೊಳ್ಳುತ್ತಿದ್ದರು. ಬಾಯಿ ಬಿಡದ ಸಂಸ್ಥೆಯ ಮೇಲಿನ ಸಿಟ್ಟು ಕೊನೆಗೆ ಎಣ್ಣೆ ಮೆತ್ತಿದ ಅಂಗಿಯಲ್ಲಿ ಎದುರಿಗೆ ಕಂಡವನ ಮೇಲೆ ಹರಿಯುತ್ತದೆ. ಕಿಟಕಿಯಿಂದ ಅವನ ವಿಡಿಯೊ ಮಾಡಿ ಹರಿಯಬಿಡುವ ಚಟವೂ ಈಗ ಬಂದಿದೆ. ಗಡಿಬಿಡಿಯಲ್ಲಿರುವವನ ಕೈ ಎಲ್ಲಿ ತಪ್ಪುತ್ತದೆಂದು ಹೇಳಲಾಗದು. ಆ ಗಡಿಬಿಡಿಯನ್ನು ಪ್ರಯಾಣಿಕರೇ ಹೆಚ್ಚಿಸಬಾರದೆಂಬುದು ನನ್ನ ವಿನಂತಿ.

ತಮ್ಮ ಪತ್ರಿಕೆಗೂ ಒಂದು ವಿನಂತಿಯಿದೆ. 2017ರಲ್ಲಿ ಉಡಾನ್ ಯೋಜನೆಯಡಿ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ವಿಮಾನ ಬರಲಾರಂಭಿಸಿದಾಗಲೂ, ಈಗ ರಾಯಚೂರಿನ ಯರಮರಸ್ ನಿಲ್ದಾಣದ ಬಗ್ಗೆಯೂ ಬರುವ ಸುದ್ದಿಗಳೆಲ್ಲ ರನ್‌ವೇ ಎಷ್ಟು ಉದ್ದ, ಟಿಕೆಟ್ ಎಷ್ಟು, ಉದ್ಘಾಟನೆ ಯಾವಾಗ ಎಂಬಲ್ಲಿಗೆ ನಿಲ್ಲುತ್ತವೆ. ಸಣ್ಣ ನಿಲ್ದಾಣದಲ್ಲಿ ಇಳಿದ ವಿಮಾನದಲ್ಲಿ ದೋಷ ಕಂಡಾಗ, ಆ ಮಾದರಿಗೆ ಅಧಿಕಾರವಿರುವ ಎಂಜಿನಿಯರ್ ಅಲ್ಲೇ ಇಲ್ಲದಿದ್ದರೆ ಅವನು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರಬೇಕಾಗುತ್ತದೆ. ಆಗ ಎರಡು ತಾಸು ಎಂಟು ತಾಸಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ, ನೆರಳಿಲ್ಲದ ಕಾಂಕ್ರೀಟಿನ ಮೇಲೆ ನಿಂತ ವಿಮಾನದ ತಗಡನ್ನು ಬರಿಗೈಲಿ ಮುಟ್ಟಲಾಗದು. ಅಲ್ಲಿ ಮಧ್ಯಾಹ್ನ ಕನ್ನಡಿ ಟಾರ್ಚ್ ಹಿಡಿದು ಕೆಲಸ ಮಾಡುವವನಿಗೆ ನೆರಳಾದರೂ ಬೇಕು. ಆದ್ದರಿಂದ ಮುಂದಿನ ಸಲ ತಮ್ಮ ವರದಿಗಾರರು ನಿಲ್ದಾಣದ ಅಧಿಕಾರಿಗಳನ್ನೋ ವಿಮಾನ ಸಂಸ್ಥೆಯವರನ್ನೋ ಕಂಡಾಗ, ಸಹಿ ಹಾಕುವ ಅಧಿಕಾರವಿರುವ ಎಂಜಿನಿಯರ್ ಈ ಊರಿನಲ್ಲೇ ಇರುತ್ತಾರೆಯೇ, ಎರಡನೆಯ ಸಹಿ ಬೇಕಾದ ಕೆಲಸ ಬಂದರೆ ಆ ಎರಡನೆಯವರು ಎಲ್ಲಿಂದ ಬರುತ್ತಾರೆ, ಅವರು ಕೆಲಸ ಮಾಡಲು ಏಣಿ, ಬೆಳಕು, ನೆರಳು ಇವೆಯೇ ಎಂದು ಕೇಳಿ, ಸಿಕ್ಕ ಉತ್ತರವನ್ನು ಅಚ್ಚು ಹಾಕಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಮಾನ ನಿರ್ವಹಣಾ ಎಂಜಿನಿಯರ್,
ಗಾಂಧಿನಗರ, ಬಳ್ಳಾರಿ